ನೋಟುಬುಕ್ಕಿಗೆ ಹಾಕಿದ ನಕ್ಷೆ

ನಾನು ಐದನೇ ತರಗತಿಯಲ್ಲಿದ್ದ ವರ್ಷ, ದೀಪಾವಳಿ ರಜೆ ಮುಗಿದ ಎರಡನೇ ಗುರುವಾರ, ನಾಸಿಕದ ನಮ್ಮ ಕ್ವಾರ್ಟರ್ಸಿಗೆ ಇಬ್ಬರು ಅಧಿಕಾರಿಗಳು ಬಂದು ಅಪ್ಪನನ್ನು ಕರೆದುಕೊಂಡು ಹೋದರು. ಬೇಹುಗಾರಿಕೆಯ ಅನುಮಾನ ಎಂದರು.

ಆ ದಿನಗಳಲ್ಲಿ ಅಪ್ಪ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ನಕ್ಷೆ ಬರೆಯುತ್ತಿದ್ದರು. ಬಾಗಲಕೋಟೆ ಕಡೆಯವರು, ವರ್ಗವಾಗಿ ಬಂದವರು. ಬ್ರಿಟಿಷರು ಸಮುದ್ರದ ದಂಡೆಯಲ್ಲಿ ಕಟ್ಟಿದ್ದ ಫಿರಂಗಿ ನೆಲೆಗಳ ಹಳೆಯ ನಕ್ಷೆಗಳನ್ನು ಹೊಸದಾಗಿ ಬರೆಯುವ ಕೆಲಸ. ಫಿರಂಗಿಗಳು ಹೋಗಿದ್ದವು, ಜಾಗ ಸೈನ್ಯದ ಕೈಯಲ್ಲೇ ಇತ್ತು. ಕೆಟ್ಟ ಪ್ರತಿಗಳನ್ನು ಸುಡಬೇಕೆಂಬ ನಿಯಮವಿತ್ತು. ಆದರೆ ಕಾಗದ ದಪ್ಪ. ಜೂನ್‌ನಲ್ಲಿ ಶಾಲೆ ಶುರುವಾದಾಗ ಕ್ವಾರ್ಟರ್ಸಿನ ಎಲ್ಲ ಮನೆಗಳಲ್ಲೂ ಮಕ್ಕಳ ನೋಟುಬುಕ್ಕಿಗೆ ಅದೇ ಹೊದಿಕೆ. ಬರೆದ ಮಗ್ಗುಲು ಒಳಗೆ, ಬಿಳಿ ಮಗ್ಗುಲು ಹೊರಗೆ. ನಕಲು ತೆಗೆಯುವ ಯಂತ್ರದಿಂದ ಬಂದ ಅದರ ಅಮೋನಿಯಾ ವಾಸನೆ ಚೀಲದಲ್ಲಿದ್ದ ರೊಟ್ಟಿ, ಶೇಂಗಾ ಚಟ್ನಿಗೂ ಹತ್ತುತ್ತಿತ್ತು.

ರಜೆ ಮುಗಿದ ವಾರ ಶಾಲೆಯ ಪ್ರವಾಸ ವೇರೂಳಿಗೆ, ಅಂದರೆ ಎಲ್ಲೋರಾಕ್ಕೆ, ಹೋಯಿತು. ಗುಹೆಯ ಮುಂದೆ ವಿದೇಶಿಯೊಬ್ಬ ಕೂತು ಚಿತ್ರ ಬರೆಯುತ್ತಿದ್ದ. ನಾವು ಕುಂಟಬಿಲ್ಲೆ ಬಿಟ್ಟು ಅವನ ಸುತ್ತ ನಿಂತೆವು. ಅವನ ಹಾಳೆಗಳು ಮುಗಿದವು. ನಾನು ನೋಟುಬುಕ್ಕಿನ ಹೊದಿಕೆ ಕಳಚಿ ಕೊಟ್ಟೆ. ಅವನು ಬಿಳಿ ಮಗ್ಗುಲಿನಲ್ಲಿ ಕಲ್ಲಿನ ಆನೆ ಬರೆದುಕೊಂಡ, ನನಗೊಂದು ಬಣ್ಣದ ಪೆನ್ಸಿಲ್ ಕೊಟ್ಟ.

“ಹೊದಿಕಿ ಎಲ್ಲಿ ಒಗದ್ಯವ್ವಾ?” ಎಂದಳು ಅವ್ವ. “ನಿಮ್ಮಪ್ಪಗ ಹೇಳ್ಲೇನು?”

“ಕಳೀತು.”

“ನಾಳಿ ನಿನ್ನ ತಲೀನೂ ಕಳ್ಕೊಂಡು ಬಾ.”

ಔರಂಗಾಬಾದಿನ ಲಾಡ್ಜೊಂದರಲ್ಲಿ ಪೊಲೀಸರು ಆ ವಿದೇಶಿಯ ಚೀಲ ತೆರೆದಾಗ ಆನೆಯ ಹಿಂದೆ ಫಿರಂಗಿ ನೆಲೆಯ ನಕ್ಷೆ ಸಿಕ್ಕಿತು. ಮೂಲೆಯಲ್ಲಿ ನನ್ನ ಹೆಸರು, ತರಗತಿ, ಶಾಲೆ ಬರೆದ ಚೀಟಿ ಅಂಟಿಕೊಂಡೇ ಇತ್ತು.

ಅಧಿಕಾರಿಗಳಲ್ಲಿ ಹಿರಿಯವನು ನನ್ನನ್ನು ಮುಂದೆ ಕೂರಿಸಿಕೊಂಡು ಮೆತ್ತಗೆ ಕೇಳಿದ: “ಬೇಟಾ, ಪಾಪಾ ನೆ ಬೋಲಾ ಥಾ ಕ್ಯಾ, ದೇ ದೋ?” ಕೊಡು ಎಂದು ಅಪ್ಪ ಹೇಳಿದ್ದರೇ ಎಂದು. ಹೇಳಿರಲಿಲ್ಲ. ಆದರೆ ಇಲ್ಲವೆಂದರೆ ಅವ್ವನಿಗೆ ಹೇಳಿದ ಸುಳ್ಳಿನ ತಪ್ಪು ನನ್ನೊಬ್ಬಳ ಮೇಲೇ ಬರುತ್ತಿತ್ತು.

“ಹಾಂ,” ಎಂದೆ.

“ಅಯ್ಯ, ಸಣ್ಣ ಹುಡುಗಿ ಅದ ರೀ ಸಾಹೇಬ್ರ, ಏನರೆ ಹೇಳ್ತದ!” ಅವ್ವ ಕನ್ನಡದಲ್ಲೇ ಕೂಗಿದಳು. ಅಧಿಕಾರಿ ನನ್ನ ಮಾತು ಬರೆದುಕೊಂಡ.

ಅಪ್ಪ ನನ್ನನ್ನು ನೋಡಿದರು. ಚಪ್ಪಲಿ ಮೆಟ್ಟಿಕೊಂಡು ಅವ್ವನಿಗೆ ಹೇಳಿದರು: “ನೀ ಸುಮ್ಮನಿರು. ಅಕೀಗೆ ಊಟಕ್ಕ ಹಾಕು.”

ಊಟ ಮಾಡಿದೆ. ಅಂದು ಪುಂಡಿಪಲ್ಯ ಇತ್ತು. ಅಳು ಬರಲಿಲ್ಲ.

ಅಪ್ಪ ಹನ್ನೊಂದನೇ ದಿನ ಬಂದರು. ಅಷ್ಟರಲ್ಲಿ ಅವ್ವನನ್ನು ಅರಿಶಿನ-ಕುಂಕುಮಕ್ಕೆ ಕರೆಯುವುದು ನಿಂತಿತ್ತು. ಶಾಲೆಯಲ್ಲಿ “ಗುಪ್ತಹೇರಾಚೀ ಪೋರಗೀ ಆಲೀ!” ಎನ್ನುತ್ತಿದ್ದರು, ಗೂಢಚಾರನ ಮಗಳು ಬಂದಳು ಎಂದು. ಆ ವಿದೇಶಿ ಬರೀ ಚಿತ್ರಕಲೆಯ ಮೇಷ್ಟ್ರು ಎಂದು ಗೊತ್ತಾಗಿ ಅವನನ್ನು ಅವನ ದೇಶಕ್ಕೆ ಕಳಿಸಿದರು. ಅಪ್ಪನ ವಿಚಾರಣೆ ಎರಡು ವರ್ಷ ನಡೆಯಿತು. ಬೇಹುಗಾರಿಕೆ ಅಲ್ಲ, ನಿರ್ಲಕ್ಷ್ಯ ಎಂದು ತೀರ್ಮಾನವಾಯಿತು. ಅವರನ್ನು ಔರಂಗಾಬಾದಿನ ಉಗ್ರಾಣವೊಂದಕ್ಕೆ ಹಾಕಿದರು. ಬಡ್ತಿ ಬರಲಿಲ್ಲ. ಮತ್ತೆ ನಕ್ಷೆ ಬರೆಯಲಿಲ್ಲ. ಮನೆಯಲ್ಲಿ ಆ ಮಾತು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಔರಂಗಾಬಾದಿಗೆ ಈಗ ಛತ್ರಪತಿ ಸಂಭಾಜಿನಗರ ಎಂದು ಹೆಸರು. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಮಾಹಿತಿ ಹಕ್ಕಿನಡಿ ನಾನು ಕೇಳಿದ್ದ ವಿಚಾರಣೆಯ ನಕಲು ಕಳೆದ ತಿಂಗಳು ಬಂತು. ಮಗಳನ್ನು ಇನ್ನೊಮ್ಮೆ ಕರೆಸಿ ಕೇಳಬೇಕೇ ಎಂಬ ಪ್ರಶ್ನೆಗೆ ಅಪ್ಪ ಕೊಟ್ಟ ಉತ್ತರ ಅದರಲ್ಲಿದೆ: ಬೇಡ, ಅವಳು ಹೇಳಿದ್ದು ನಿಜ, ಹಾಳೆ ಯಾರು ಕೇಳಿದರೂ ಕೊಡು ಎಂದು ನಾನೇ ಹೇಳಿದ್ದೆ. ಕೆಳಗೆ ಅವರ ಸಹಿ ಇದೆ.