ಡೈರಿಯಲ್ಲಿಲ್ಲದ ದರ್ಜಿ

ಅವರು ನಮ್ಮ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಅತಿಥಿ ಉಪನ್ಯಾಸಕರು. ಅತಿಥಿ ಎಂದರೆ ಬರುವ ತಿಥಿ ಗೊತ್ತಿಲ್ಲದವನಂತೆ; ಹನ್ನೊಂದು ವರ್ಷದ ಈ ಅತಿಥಿಗೆ ಹೋಗುವ ತಿಥಿಯೂ ಗೊತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಅವರಿಗೆ ಮೇಜಿರಲಿಲ್ಲ, ಕಿಟಕಿಯ ಕಟ್ಟೆಯಿತ್ತು. ಅದರ ಮೇಲೆ ಅವರ ಪುಸ್ತಕ, ಕೊಡೆ, ಊಟದ ಡಬ್ಬಿ ಸಾಲಾಗಿ ಕೂತಿರುತ್ತಿದ್ದವು, ಅವರು ನಿಂತಿರುತ್ತಿದ್ದರು.

ಅವರ ತಾಯಿ ಶಾಲೆಯ ಸಮವಸ್ತ್ರ ಹೊಲಿಯುವವರು. ಅಳತೆ ತಪ್ಪಿ ವಾಪಸ್ ಬಂದ ಅಂಗಿಗಳಲ್ಲೇ ಇವರ ಬಾಲ್ಯ ಕಳೆಯಿತು. ಒಂದು ವರ್ಷ ತೋಳು ಮೊಣಕೈಗೇ ನಿಂತರೆ, ಮರುವರ್ಷ ಬೆರಳನ್ನೂ ನುಂಗುತ್ತಿತ್ತು.

ಆ ವರ್ಷ ಅಂತಿಮ ಪದವಿ ತರಗತಿಯ ಮೊದಲ ಬೆಂಚಿನಲ್ಲಿ ಕಣ್ಣು ಕಾಣದ ಹುಡುಗಿಯೊಬ್ಬಳು ಕೂತಿದ್ದಳು. ಇವರು ಅಭ್ಯಾಸಬಲದಿಂದ ಬೋರ್ಡಿನ ಮೇಲೆ ಗೆರೆ ಎಳೆದು, "ನೋಡಿ, ಇದು ಇಲ್ಲಿಂದ ಇಲ್ಲಿಗೆ ಹೋಗುತ್ತೆ" ಎಂದರು.

"ಎಲ್ಲಿಂದ ಎಲ್ಲಿಗೆ ಸಾರ್? ಹೇಳಿದ್ರೆ ನಾನೂ ಜೊತೆಗೆ ಹೋಗ್ತೀನಿ."

ತರಗತಿ ನಕ್ಕಿತು. ಅವರು ನಗಲಿಲ್ಲ. ಸೀಮೆಸುಣ್ಣ ಕೆಳಗಿಟ್ಟು ಕಥೆ ಶುರುಮಾಡಿದರು. ಒಬ್ಬ ಸೋಮಾರಿ ದರ್ಜಿ. ನಲವತ್ತು ಮಕ್ಕಳ ತೋಳಿನ ಅಳತೆ ಕೂಡಿಸಿ, ಭಾಗಿಸಿ, ಬಂದ ಸರಾಸರಿಗೇ ನಲವತ್ತು ಅಂಗಿ ಹೊಲಿದುಬಿಟ್ಟ. ಉದ್ದನೆಯವನ ಮಣಿಕಟ್ಟು ಹೊರಗೆ, ಗಿಡ್ಡನೆಯವಳ ಬೆರಳು ಒಳಗೆ. ಈ ಅಂಗಿಗಳು ಒಟ್ಟಾರೆ ಎಷ್ಟು ಅಳತೆ ತಪ್ಪಿದವು ಎಂದು ಹೇಳುವ ಅಂಕಿಯೇ ಮಾನಕ ವಿಚಲನೆ.

ಹುಡುಗಿ ತನ್ನ ತೋಳನ್ನು ಮುಟ್ಟಿ ನೋಡಿಕೊಂಡಳು. "ಹಾಗಾದ್ರೆ ಈ ಕಾಲೇಜನ್ನ ಯಾರ ಅಳತೆಗೆ ಹೊಲಿದಿದ್ದು ಸಾರ್?"

ಎರಡು ವರ್ಷದಿಂದ ಹಾಜರಿಗೆ ಬಿಟ್ಟರೆ ಬಾಯಿ ತೆರೆಯದ ಹಿಂದಿನ ಬೆಂಚಿನವರೂ ಅಂದು ತಮ್ಮ ತಮ್ಮ ಅಂಗಿಯ ಕಥೆ ಹೇಳಿದರು.

ಪಾಠ ಎಲ್ಲರಿಗೂ ಅರ್ಥವಾಯಿತು. ಅನಾಹುತವಾದದ್ದೇ ಅದರಿಂದ. ಪರೀಕ್ಷೆಯಲ್ಲಿ ಮೂವತ್ತೆಂಟು ಉತ್ತರ ಪತ್ರಿಕೆಗಳಲ್ಲಿ ಅದೇ ಸೋಮಾರಿ ದರ್ಜಿ ಕಾಣಿಸಿಕೊಂಡ. ಎಲ್ಲೋ ಕೂತು ತಿದ್ದುತ್ತಿದ್ದ ಮೌಲ್ಯಮಾಪಕರು ಸಾಮೂಹಿಕ ನಕಲು ಎಂದು ಷರಾ ಬರೆದರು. ಫಲಿತಾಂಶ ನಿಂತುಹೋಯಿತು. ಹುಡುಗಿಗೆ ಗ್ರಂಥಾಲಯವೊಂದರ ಧ್ವನಿಪುಸ್ತಕ ವಿಭಾಗದಲ್ಲಿ ಕೆಲಸ ಗೊತ್ತಾಗಿತ್ತು. ತಿಂಗಳೊಳಗೆ ಪಾಸಾದ ಪತ್ರ ತೋರಿಸಬೇಕಿತ್ತು.

ಮೂವರು ಸದಸ್ಯರ ವಿಚಾರಣಾ ಸಮಿತಿ ಬಂತು. "ಈ ದರ್ಜಿ ಎಲ್ಲಿಂದ ಬಂದ?" ಎಂದರು ಹಿರಿಯ ಸದಸ್ಯರು.

"ನಾನೇ ಕರ್ಕೊಂಡು ಬಂದಿದ್ದು ಸಾರ್, ಪಾಠಕ್ಕೆ."

"ನಿಮ್ಮ ಪಾಠದ ಡೈರೀಲಿ ಇಲ್ವಲ್ಲ."

ಇರುವ ಹಾಗೇ ಇರಲಿಲ್ಲ. ಯಾವ ದಿನ ಏನು ಕಲಿಸಿದೆವೆಂದು ಬರೆದಿಡಬೇಕಾದ ಡೈರಿ ಅದು. ನಮ್ಮಲ್ಲಿ ತಿಂಗಳ ಕೊನೆಯ ಶನಿವಾರ ವಿಭಾಗದ ಮುಖ್ಯಸ್ಥರ ಡೈರಿ ಕೈಯಿಂದ ಕೈಗೆ ಸುತ್ತುತ್ತದೆ. ಎಲ್ಲರೂ ಒಂದಕ್ಷರ ಬಿಡದೆ ಇಳಿಸಿಕೊಳ್ಳುತ್ತೇವೆ. ಮುಖ್ಯಸ್ಥರು ತಮ್ಮ ಹೋದ ವರ್ಷದ್ದರಿಂದ ಇಳಿಸಿರುತ್ತಾರೆ. ಹಾಗಾಗಿ ಆ ದಿನದ ಪುಟದಲ್ಲಿ, "ಕಪ್ಪುಹಲಗೆಯ ಮೇಲೆ ರೇಖಾಚಿತ್ರ ಬರೆದು ವಿವರಿಸಲಾಯಿತು" ಎಂದಿತ್ತು. ಇಡೀ ಪ್ರಕರಣದಲ್ಲಿ ನಕಲು ಮಾಡದವರೆಂದರೆ ಮಕ್ಕಳು ಮಾತ್ರ.

"ಡೈರಿ ಸುಳ್ಳು ಸಾರ್" ಎಂದರು ಇವರು. ಪಕ್ಕದಲ್ಲಿದ್ದ ಮುಖ್ಯಸ್ಥರು ತಮ್ಮ ಬೂಟಿನ ಲೇಸು ನೋಡತೊಡಗಿದರು.

"ಹಾಗಂತ ಬರೆದು ಕೊಡ್ತೀರಾ?" ಎಂದರು ಹಿರಿಯ ಸದಸ್ಯರು.

"ಕೊಡ್ತೀನಿ. ಮಕ್ಕಳ ರಿಸಲ್ಟ್ ಬಿಟ್ಬಿಡಿ."

ಹುಡುಗಿಯನ್ನೂ ಕರೆಸಿದರು. ಅವಳು ಕಥೆಯನ್ನು ಮೊದಲಿನಿಂದ ಹೇಳಿದಳು. ಮುಗಿಯುವ ಹೊತ್ತಿಗೆ ಹಿರಿಯ ಸದಸ್ಯರು ತಮಗೇ ಗೊತ್ತಿಲ್ಲದೆ ಅಂಗಿಯ ತೋಳನ್ನು ಕೆಳಗೆ ಎಳೆದುಕೊಂಡರು. ಆಮೇಲೆ ಆದೇಶ ಬರೆಸಿದರು.

ನಕಲು ಸಾಬೀತಾಗಿಲ್ಲ. ಆದರೆ ಉತ್ತರ ಪಠ್ಯದಲ್ಲಿರುವಂತೆ ಇಲ್ಲ. ದರ್ಜಿ ಬಂದಲ್ಲೆಲ್ಲ ಸೊನ್ನೆ. ಸುಳ್ಳು ಡೈರಿ ಬರೆದ ಅತಿಥಿಯ ಸೇವೆ ಇನ್ನು ಬೇಕಾಗಿಲ್ಲ. ಉಳಿದವರ ಡೈರಿಗಳನ್ನು ಯಾರೂ ಕೇಳಲಿಲ್ಲ. ಆ ಶನಿವಾರವೂ ನಾವು ಇಳಿಸಿಕೊಂಡೆವು.

ಬೇರೆ ಮಕ್ಕಳು ರೇಖಾಚಿತ್ರದ ಪ್ರಶ್ನೆಯ ಅಂಕ ಹಿಡಿದು ದಡ ಸೇರಿದರು. ಕಣ್ಣು ಕಾಣದ್ದರಿಂದ ಅವಳಿಗೆ ಚಿತ್ರದ ಬದಲು ಕೊಟ್ಟಿದ್ದ ವಿವರಣೆಯ ಪ್ರಶ್ನೆಗೂ ಅವಳು ದರ್ಜಿಯನ್ನೇ ಕರೆದಿದ್ದಳು. ಎರಡು ಸೊನ್ನೆ. ನಾಲ್ಕು ಅಂಕಕ್ಕೆ ಫೇಲು. ಗ್ರಂಥಾಲಯದವರು ಬೇರೊಬ್ಬರನ್ನು ತೆಗೆದುಕೊಂಡರು.

ಒಂದು ಬೆಳಿಗ್ಗೆ ಅವಳು ಗೋಡೆ ಸವರಿಕೊಂಡು ಇವರ ಮನೆಯ ಮೆಟ್ಟಿಲು ಹತ್ತಿ ಬಂದಳು. ಒಂದೇ ಕೋಣೆ. ಮೂಲೆಯಲ್ಲಿ ತಾಯಿಯ ಹೊಲಿಗೆ ಯಂತ್ರ ಓಡುತ್ತಿತ್ತು.

"ಮತ್ತೆ ಪರೀಕ್ಷೆಗೆ ಕೂರ್ತಿದ್ದೀನಿ ಸಾರ್."

"ಕೂತ್ಕೋಮ್ಮ. ದರ್ಜಿ ಸಹವಾಸ ಬೇಡ. ಒಬ್ಬ ಬಸ್ ಕಂಡಕ್ಟರ್ ಇದ್ದ ಅಂತಿಟ್ಕೋ..."

"ಕಥೆ ಬೇಡ ಸಾರ್. ಪುಸ್ತಕದಲ್ಲಿರೋದನ್ನ ಇರೋ ಹಾಗೇ ಓದಿ. ರೆಕಾರ್ಡ್ ಮಾಡ್ಕೊಂಡು ಬಾಯಿಪಾಠ ಮಾಡ್ತೀನಿ."

"ಅರ್ಥ ಆಗ್ಬೇಡ್ವೇನಮ್ಮ?"

"ಅರ್ಥ ಆಗಿದ್ದಕ್ಕೇ ಅಲ್ವಾ ಸಾರ್ ಫೇಲಾಗಿದ್ದು."

ಅವರು ಪುಸ್ತಕ ತೆಗೆದರು. ಅವಳು ಫೋನನ್ನು ಅವರ ದನಿಯ ಕಡೆಗೆ ಹಿಡಿದಳು.

"ಅಮ್ಮಾ, ಒಂಚೂರು ನಿಲ್ಲಿಸ್ತೀಯಾ? ಸದ್ದು ಸೇರುತ್ತೆ."

ತಾಯಿ ಯಂತ್ರದ ಚಕ್ರಕ್ಕೆ ಅಂಗೈ ಒಡ್ಡಿದರು. ಸೂಜಿ ಅರ್ಧ ಹೊಲಿದ ತೋಳಿನಲ್ಲೇ ನಿಂತಿತು.

"ಸರಾಸರಿಯಿಂದ ತೆಗೆದುಕೊಂಡ ವಿಚಲನೆಗಳ ವರ್ಗಗಳ ಸರಾಸರಿಯ ಧನ ವರ್ಗಮೂಲವೇ ಮಾನಕ ವಿಚಲನೆ."

"ಇನ್ನೊಂದ್ಸಲ ಸಾರ್, ನಿಧಾನಕ್ಕೆ."

ಅವರು ಇನ್ನೊಂದು ಸಲ ಓದಿದರು.