ಆನೆ ತಿಂದ ಬಣ್ಣ

ಶೇಡ್ ಮೇಷ್ಟ್ರು ಯಾರಿಗೂ ಪಾಠ ಹೇಳಿದವರಲ್ಲ. ಪೇಂಟ್ ಅಂಗಡಿಯ ಹಿಂಭಾಗದಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಡಬ್ಬಿಗಳ ಸಾಲಿನ ನಡುವೆ ಮೂವತ್ತೊಂದು ವರ್ಷದಿಂದ ಬಣ್ಣ ಕಲಸುತ್ತ ನಿಂತವರು. ಗಿರಾಕಿ ಏನು ತಂದು ಕೊಟ್ಟರೂ ಅದರ ಬಣ್ಣಕ್ಕೆ ಸರಿಯಾಗಿ ಪೇಂಟ್ ಹೊಂದಿಸಿ ಕೊಡುವುದು ಅವರ ಕೆಲಸ. ಹರಿದ ಪರದೆಯ ತುಂಡು, ಒಡೆದ ಟೈಲ್ಸು, ಬೀಗರ ಮನೆಗೆ ಹೋದಾಗ ಗೋಡೆಯಿಂದ ಉಗುರಲ್ಲಿ ಕೆರೆದು ತಂದ ಚಕ್ಕೆ, ಎಲ್ಲವೂ ಅವರ ಮೇಜಿನ ಮೇಲೆ ಬಂದಿವೆ. ಒಬ್ಬಾಕೆ ಬಿಸ್ಕತ್ತು ತಂದು "ಇದೇ ಕಲರ್ ಬೇಕು" ಎಂದಿದ್ದರು. ಶೇಡು ಕೂಡಿಬರುವಷ್ಟರಲ್ಲಿ ಆಕೆಯ ಮಗು ಮುಕ್ಕಾಲು ಬಿಸ್ಕತ್ತು ತಿಂದಾಗಿತ್ತು. ಉಳಿದ ಕಾಲು ಭಾಗಕ್ಕೆ ಮೇಷ್ಟ್ರು ಕೂದಲೆಳೆಯಷ್ಟೂ ತಪ್ಪದಂತೆ ಹೊಂದಿಸಿ ಕೊಟ್ಟರು.

ಬಂದವರಿಗೆಲ್ಲ ಅವರು ಹೇಳುತ್ತಿದ್ದ ಮಂತ್ರ ಒಂದೇ: "ಮೊದಲು ಬಿಳಿ, ಆಮೇಲೆ ಬಣ್ಣ. ಕೆಳಗೆ ವೈಟ್ ಪ್ರೈಮರ್ ಇಲ್ದೆ ಇದ್ರೆ ನಾನು ಕೊಟ್ಟ ಶೇಡಿಗೆ ನಾನು ಜವಾಬ್ದಾರ ಅಲ್ಲ."

ಲೋಕದವರ ಗೋಡೆಗಳಿಗೆಲ್ಲ ಬಣ್ಣ ಹೊಂದಿಸಿದ ಈ ಮನುಷ್ಯನಿಗೆ ಒಂದೇ ಒಂದು ಬಣ್ಣ ಹೊಂದಲಿಲ್ಲ. ಅದು ಅವರದೇ ಬಣ್ಣ.

ಮೇಷ್ಟ್ರಿಗೆ ಏಳು ವರ್ಷ, ಅವರ ಅಕ್ಕನಿಗೆ ಒಂಬತ್ತು ಇದ್ದಾಗ ಮನೆಗೆ ಹನ್ನೆರಡು ಕ್ರೆಯಾನಿನ ಒಂದು ಡಬ್ಬಿ ಬಂತು. ಇಬ್ಬರಿಗೂ ಸೇರಿ ಒಂದೇ. ಅಪ್ಪ ಪಾರ್ಸೆಲ್ ಕಚೇರಿಯಲ್ಲಿ ಕಟ್ಟು ಕಟ್ಟುವ ಕೆಲಸದಲ್ಲಿದ್ದರು. ಕಟ್ಟಿ ಮಿಕ್ಕ ಕಾಗದದ ಚೂರುಗಳನ್ನು ಅವರು ಮನೆಗೆ ತರುತ್ತಿದ್ದರು. ಮಕ್ಕಳು ಚಿತ್ರ ಬರೆಯುತ್ತಿದ್ದುದು ಅದರ ಮೇಲೆಯೇ. ಆ ಹನ್ನೆರಡರಲ್ಲಿ ಒಂದು ಕಡ್ಡಿಯ ಬಣ್ಣ ಇಬ್ಬರಿಗೂ ಪಂಚಪ್ರಾಣ. ಅದು ಕಿತ್ತಳೆಯಲ್ಲ, ಇಟ್ಟಿಗೆಯಲ್ಲ, ಜೇನೂ ಅಲ್ಲ. ಬಿಸಿಲಿಗೆ ಮುಖ ಕೊಟ್ಟು ಕಣ್ಣು ಮುಚ್ಚಿದರೆ ರೆಪ್ಪೆಯ ಒಳಗೆ ಕಾಣುತ್ತದಲ್ಲ, ಅದು. ಬಣ್ಣದಲ್ಲೇ ಬದುಕಿದ ಮೇಷ್ಟ್ರಿಗೂ ಅದನ್ನು ಇದಕ್ಕಿಂತ ಚೆನ್ನಾಗಿ ಬಣ್ಣಿಸಲು ಬರಲಿಲ್ಲ.

ಹೆಸರಾದರೂ ಗೊತ್ತಿದ್ದರೆ ಹುಡುಕಬಹುದಿತ್ತು. ಹೆಸರು ಅಚ್ಚಾಗಿದ್ದುದು ಕಡ್ಡಿಗೆ ಸುತ್ತಿದ ಕಾಗದದ ಮೇಲೆ. ಅಕ್ಕನಿಗೆ ಕ್ರೆಯಾನ್ ಕೈಗೆ ಬಂದ ತಕ್ಷಣ ಬಾಳೆಹಣ್ಣಿನ ಹಾಗೆ ಸಿಪ್ಪೆ ಸುಲಿಯುವ ಚಟ. ಒಂದೇ ಮಧ್ಯಾಹ್ನದಲ್ಲಿ ಹನ್ನೆರಡೂ ಬೆತ್ತಲೆ. ಅದೂ ಸಾಲದೆ, ತಮ್ಮ ಜ್ವರ ಬಂದು ಮಲಗಿದ್ದ ಎರಡು ದಿನದಲ್ಲಿ ಆಕೆ ಒಂದು ದೊಡ್ಡ ಆನೆ ಬರೆದು, ಸೊಂಡಿಲಿನಿಂದ ಬಾಲದವರೆಗೆ ಆ ಒಂದೇ ಬಣ್ಣ ತುಂಬಿದಳು. ತಮ್ಮ ಎದ್ದು ಬಂದು ನೋಡಿದರೆ ಡಬ್ಬಿಯಲ್ಲಿ ಹನ್ನೊಂದು ಕಡ್ಡಿ, ಒಂದು ಖಾಲಿ ಸಂದು.

"ಆನೆ ಎಲ್ಲಾದ್ರೂ ಆ ಬಣ್ಣ ಇರುತ್ತೇನೇ?" ಎಂದು ಅವನು ಅತ್ತ.

"ಸಂಜೆ ಹೊತ್ತು ನೋಡಿದೀಯಾ ನೀನು?" ಎಂದಳು ಅಕ್ಕ.

ಅಂದಿನಿಂದ ಇಂದಿನವರೆಗೆ, ಅಂದರೆ ನಲವತ್ತೈದು ವರ್ಷ, ಅಕ್ಕ ತಮ್ಮ ಸೇರಿದಾಗಲೆಲ್ಲ ಆ ಆನೆ ಮಧ್ಯೆ ಬಂದು ನಿಲ್ಲುತ್ತಿತ್ತು. ಇಬ್ಬರೂ ಅಜ್ಜ ಅಜ್ಜಿಯಾಗುವ ವಯಸ್ಸಿಗೆ ಬಂದರೂ ಆನೆಗೆ ಮಾತ್ರ ವಯಸ್ಸಾಗಲಿಲ್ಲ.

ಇಪ್ಪತ್ತಾರು ವರ್ಷ ಬಾಡಿಗೆ ಮನೆಗಳಲ್ಲಿ, ಮನೆ ಮಾಲೀಕರು ಬಳಿಸಿದ ಬಣ್ಣದೊಳಗೇ ಕಾಲ ಹಾಕಿದ ಮೇಲೆ ಮೇಷ್ಟ್ರಿಗೆ ಎರಡು ರೂಮಿನ ಸ್ವಂತ ಫ್ಲ್ಯಾಟ್ ಆಯಿತು. ಅವರ ಹೆಂಡತಿ ಮನೆಗೆಲ್ಲ ಕ್ರೀಮ್ ಬಣ್ಣ ನಿಶ್ಚಯಿಸಿದರು. ಮುಂದಿನ ಕೋಣೆಯ, ಕಿಟಕಿಗೆ ಎದುರಾದ ಒಂದು ಗೋಡೆಯನ್ನು ಮಾತ್ರ ಗಂಡನಿಗೆ ಬಿಟ್ಟುಕೊಟ್ಟರು. ಮೇಷ್ಟ್ರು ಆ ಗೋಡೆಗೆ ಶಾಸ್ತ್ರೋಕ್ತವಾಗಿ ವೈಟ್ ಪ್ರೈಮರ್ ಹೊಡೆದು, ಅಂಗಡಿಯಿಂದ ಚಿಕ್ಕ ಡಬ್ಬಿಗಳಲ್ಲಿ ಸ್ಯಾಂಪಲ್ ಕಲಸಿ ತಂದು ಬಳಿದು ನೋಡತೊಡಗಿದರು. ಮೊದಲನೆಯದು ಬರೀ ಕಿತ್ತಳೆ. ಛೆ. ಎರಡನೆಯದಕ್ಕೆ ಕೆಂಪು ಜಾಸ್ತಿ. ಹನ್ನೊಂದನೆಯದು ಹತ್ತಿರ ಬಂದಂತೆ ಕಂಡಿತು, ಒಣಗಿದ ಮೇಲೆ ದೂರವಾಯಿತು. ಐದು ತಿಂಗಳಲ್ಲಿ ಗೋಡೆಯ ಮೇಲೆ ನಲವತ್ತು ಪಟ್ಟೆಗಳು ಎದ್ದವು. ಇದರ ಜೊತೆಗೆ, ಆ ಬಣ್ಣ ಈಗಲೂ ಬರುತ್ತಿರಬಹುದು ಎಂಬ ಆಸೆಯಿಂದ ಅಂಗಡಿ ಅಂಗಡಿ ಅಲೆದು ಕೊಂಡು ತಂದ ಕ್ರೆಯಾನ್ ಡಬ್ಬಿಗಳು ಹನ್ನೊಂದು.

"ಈ ಮನೇಲಿ ಮಕ್ಕಳಿಲ್ಲ ಮರಿಯಿಲ್ಲ, ಇದ್ದ ಒಬ್ಬ ಮಗಳು ಮದುವೆಯಾಗಿ ಹೋದ್ಳು. ಕ್ರೆಯಾನ್ ಮಾತ್ರ ಒಂದು ಸ್ಕೂಲಿಗಾಗುವಷ್ಟಿದೆ," ಎಂದರು ಹೆಂಡತಿ. "ಗೋಡೆಗೆ ಗಜಕರ್ಣ ಆಗಿದೆ ಅಂತ ಕೆಳಗಿನ ಮನೆಯವರು ಆಡಿಕೊಳ್ತಿದಾರೆ. ಭಾನುವಾರ ಪೇಂಟರ್ ಬರ್ತಾನೆ. ಸಂಜೆ ಕಾಫಿ ಹೊತ್ತಿಗೆ ನಿಮ್ಮ ಬಣ್ಣ ಡಬ್ಬಿಯಲ್ಲಿ ಇರಬೇಕು. ಇಲ್ಲಾಂದ್ರೆ ಕ್ರೀಮ್."

"ಇನ್ನೊಂದು ತಿಂಗಳು..."

"ರೀ. ಕ್ರೀಮ್."

ಶನಿವಾರ ಸಂಜೆ ನಲವತ್ತೊಂದನೆಯ ಸ್ಯಾಂಪಲ್ಲೂ ಕೈಕೊಟ್ಟಾಗ ಮೇಷ್ಟ್ರು ಹಲ್ಲು ಕಚ್ಚಿಕೊಂಡು ಅಕ್ಕನಿಗೆ ಫೋನ್ ಮಾಡಿದರು.

"ಆ ಕಡ್ಡಿ ಹೆಸರು ಏನಿತ್ತು ಅಂತ ನೆನಪಿದೆಯಾ? ಸುಲಿಯೋಕೆ ಮುಂಚೆ ಓದಿದ್ಯಾ ಕೊನೆಪಕ್ಷ?"

"ಹೆಸರು ಯಾರಿಗೆ ಗೊತ್ತೋ ಪುಟ್ಟ? ಬೇಕಾದ್ರೆ ಆನೆ ತರ್ತೀನಿ, ನೋಡ್ಕೋ."

ಮೇಷ್ಟ್ರ ಕೈಯಲ್ಲಿದ್ದ ಬ್ರಷ್ ಕೆಳಗೆ ಬಿತ್ತು. "ಆನೆ ಇದೆಯಾ?"

"ಅಮ್ಮ ಅದನ್ನ ಹೊಲಿಗೆ ಮಿಷನ್ ಡ್ರಾಯರ್ ಒಳಗೆ ಹಾಸಿದ್ಳಲ್ಲ. ಮಿಷನ್ ನನ್ನ ಹತ್ರಾನೇ ಇದೆ."

"ನಲವತ್ತೈದು ವರ್ಷ ಹೇಳಲಿಲ್ವಲ್ಲೇ!"

"ನೀನು ಯಾವತ್ತು ಕೇಳಿದೀಯ? ಬೈದಿದೀಯ ಅಷ್ಟೇ."

ಭಾನುವಾರ ಹತ್ತು ಗಂಟೆಗೆ ಪೇಂಟರ್ ಬಂದು, ಗಜಕರ್ಣದ ಮೇಲೆಲ್ಲ ಪುಟ್ಟಿ ಎಳೆದು, ಹೊಸದಾಗಿ ವೈಟ್ ಪ್ರೈಮರ್ ಹೊಡೆದು, ಹಾಲಿನಂಥ ಗೋಡೆಯ ಮುಂದೆ ಸ್ಟೂಲು ಹಾಕಿಕೊಂಡು ಕೂತ. ಮಧ್ಯಾಹ್ನ ಊಟ ಮುಗಿಯುವ ಹೊತ್ತಿಗೆ ಅಕ್ಕ ಬಂದರು, ಕಂಕುಳಲ್ಲಿ ಸುರುಳಿ. ಮೇಷ್ಟ್ರು ಅದನ್ನು ಕಿಟಕಿಯ ಬೆಳಕಿಗೆ ಬಿಡಿಸಿ ಹಿಡಿದರು. ಡ್ರಾಯರಿನ ಕತ್ತಲೆಯಲ್ಲಿದ್ದುದರಿಂದ ಆನೆ ಸ್ವಲ್ಪವೂ ಮಾಸಿರಲಿಲ್ಲ. ಅದೇ. ರೆಪ್ಪೆಯ ಒಳಗಿನ ಬಿಸಿಲು.

ಆಮೇಲೆ ಅವರ ಕಣ್ಣು, ಮೂವತ್ತೊಂದು ವರ್ಷ ಪಳಗಿದ ಹಾಳು ಕಣ್ಣು, ಆನೆಯ ಹಿಂಗಾಲಿಗೆ ಹೋಯಿತು. ಅಲ್ಲಿ ಪಾರ್ಸೆಲ್ಲಿನ ವಿಳಾಸದ ಬಿಳಿ ಚೀಟಿಯೊಂದು ಅಂಟಿಕೊಂಡೇ ಇತ್ತು. ಅಕ್ಕ ಅದರ ಮೇಲೂ ಬಣ್ಣ ತೀಡಿದ್ದಳು. ಚೀಟಿಯ ಮೇಲೆ ಬಿದ್ದ ಬಣ್ಣ ಬರೀ ಕಿತ್ತಳೆ. ಯಾವ ಮಕ್ಕಳ ಡಬ್ಬಿಯಲ್ಲೂ ಸಿಗುವ ಕಿತ್ತಳೆ. ಚೀಟಿ ಮುಗಿದು ಪಾರ್ಸೆಲ್ಲಿನ ಕಂದು ಕಾಗದ ಶುರುವಾದಲ್ಲಿ ಅದೇ ಗೀಟು, ಅದೇ ಕೈ, ಅದೇ ಕಡ್ಡಿ ಆ ಬಣ್ಣವಾಗಿ ಬದಲಾಗಿತ್ತು.

ಮೇಷ್ಟ್ರು ಕುರ್ಚಿಯಲ್ಲಿ ಕುಸಿದರು.

"ಏನಾಯ್ತೋ?"

"ಅದು ಕಡ್ಡಿಯ ಬಣ್ಣ ಅಲ್ಲವೇ ಅಲ್ಲ ಅಕ್ಕ. ಕೆಳಗಿನ ಕಾಗದದ ಕಂದು, ಕ್ರೆಯಾನಿನ ಮೇಣದೊಳಗಿಂದ ಇಣುಕಿ ಆಗಿರೋ ಬಣ್ಣ ಇದು. ನಾನು ಇಷ್ಟು ದಿನ ಬಿಳಿ ಮೇಲೆ ಹುಡುಕಿದೆ. ಮೊದಲನೇ ಸ್ಯಾಂಪಲ್ಲೇ ಸರಿ ಇತ್ತು. ಮೊದಲನೇದು!"

"ಸರಿ ಬಿಡು, ಸಿಕ್ತಲ್ಲ," ಎಂದರು ಅಕ್ಕ.

ಎಲ್ಲಿ ಸಿಕ್ಕಿತು? ದೇವರು ಕೊಟ್ಟರೂ ಪೂಜಾರಿ ಕೊಡ. ಕೆಳಗಿನ ಬಣ್ಣ ಮೇಲಿನದರ ಗುಣ ಕೆಡಿಸುತ್ತದೆ ಎಂದು ಸಿಕ್ಕವರಿಗೆಲ್ಲ ಬುದ್ಧಿ ಹೇಳಿದವರು ತಾವೇ, ಆ ಬುದ್ಧಿಯನ್ನು ಮನೆಗೆ ತರದವರೂ ತಾವೇ. ಮೇಷ್ಟ್ರು ಪ್ರೈಮರಿಗೆ ಬಣ್ಣದ ಸ್ಟೈನರ್ ಸುರಿದು ಪಾರ್ಸೆಲ್ ಕಾಗದದ ಕಂದನ್ನು ಎರಡೇ ನಿಮಿಷದಲ್ಲಿ ಕಲಸಿದರು. ಎದುರಿಗೆ ಮಾದರಿ ಇದ್ದರೆ ಅವರಿಗೆ ಅದು ಎಡಗೈ ಕೆಲಸ. ಬಿಳಿ ಗೋಡೆಯ ನಡುವೆ ಒಂದು ಬಾಗಿಲಿನಷ್ಟು ಜಾಗಕ್ಕೆ ಕಂದು ಬಳಿದಾಗ ಪೇಂಟರ್ ಎದ್ದು ನಿಂತ.

"ಮೇಷ್ಟ್ರೇ, ಈಗ ತಾನೇ ಬಿಳಿ ಮಾಡಿದೀನಿ! ನೀವೇ ಹೇಳಿಕೊಟ್ಟಿದ್ದಲ್ವಾ, ಮೊದಲು ಬಿಳಿ..."

"ಬಾಯಿ ಮುಚ್ಚು. ಫ್ಯಾನ್ ಈ ಕಡೆ ತಿರುಗಿಸು."

ಕಂದು ಒಣಗಿದ ಮೇಲೆ ಅದರ ಮೇಲೆ ಕಿತ್ತಳೆ ಪೇಂಟ್ ಎಳೆದರು. ಬರೀ ಕಿತ್ತಳೆಯಾಯಿತು. ಆಗಲೇಬೇಕು. ಕೆಳಗಿರುವುದನ್ನು ಕಾಣದಂತೆ ಮುಚ್ಚುವುದೇ ಪೇಂಟಿನ ಧರ್ಮ, "ಒಂದೇ ಕೋಟ್‌ಗೆ ಮುಚ್ಚುತ್ತದೆ" ಎಂದು ದಿನಕ್ಕೆ ಹತ್ತು ಸಲ ಹೇಳಿ ಮಾರಿದವರು ತಾವೇ. ಕೋಪದಿಂದ ನೀರು ಬೆರೆಸಿ ತೆಳ್ಳಗೆ ಮಾಡಿ ಬಳಿದರು. ಗೋಡೆ ಅಳತೊಡಗಿತು. ಕಿತ್ತಳೆ ಧಾರೆಗಳು ನೆಲದವರೆಗೆ ಇಳಿದವು.

"ನೀರು ಹಾಕಿದ್ರೆ ಅದು ಪೇಂಟಲ್ಲ, ಪಾನಕ," ಎಂದ ಪೇಂಟರ್. ಅದೂ ಮೇಷ್ಟ್ರದೇ ಹಳೆಯ ಮಾತು.

ಒಳಗಿನಿಂದ ಹೆಂಡತಿಯ ದನಿ ಬಂತು: "ಹಾಲು ಒಲೆ ಮೇಲಿಟ್ಟಿದೀನಿ ರೀ!" ಕಾಫಿ ಹೊತ್ತು ಹತ್ತಿರವಾಯಿತು ಎಂಬುದಕ್ಕೆ ಅದು ನೋಟೀಸು.

ಉಳಿದದ್ದು ಒಂದೇ ದಾರಿ. ಮೇಷ್ಟ್ರು ಹನ್ನೊಂದು ಡಬ್ಬಿಗಳನ್ನು ನೆಲಕ್ಕೆ ಸುರಿದು ಹನ್ನೊಂದು ಕಿತ್ತಳೆ ಕಡ್ಡಿಗಳನ್ನು ಆರಿಸಿದರು. ಪರೀಕ್ಷೆ ಮಾಡಿ ಮಾಡಿ ಎಲ್ಲವೂ ಅರ್ಧರ್ಧ ಸವೆದಿದ್ದವು. ಧಾರೆ ಇಳಿಯದ ಕಡೆ, ನೆಲದಿಂದ ಎರಡಡಿ ಎತ್ತರದಲ್ಲಿ, ಕಂದಿನ ಮೇಲೆ ತೀಡಿದರು. ಬಂತು! ಮೊದಲ ಗೀಟಿಗೇ ಬಂತು. ಐವತ್ತೆರಡರ ಮಂಡಿಗಳು ನೆಲಕ್ಕೆ ಊರಿದವು. ಪಕ್ಕದಲ್ಲಿ ಅಕ್ಕನೂ ಏದುಸಿರು ಬಿಡುತ್ತ ಕೂತು ಒಂದು ಕಡ್ಡಿ ಎತ್ತಿಕೊಂಡರು. ಚರ್ರನೆ ಸದ್ದಾಯಿತು.

"ಸುಲೀಬೇಡ ಕಣೇ!" ಎಂದು ಮೇಷ್ಟ್ರು ಚೀರಿದರು.

"ಸುಲಿದ್ರೆ ಅಡ್ಡಡ್ಡ ಮಲಗಿಸಿ ತೀಡಬಹುದು. ಬೇಗ ಆಗುತ್ತೆ."

"ಬೇಗ ಮುಗಿಯುತ್ತೆ! ಆವತ್ತೂ ಹೀಗೇ ಮುಗಿಸಿದ್ದು ನೀನು!"

"ಆವತ್ತು ಒಂದು ಕಡ್ಡೀಲಿ ಇಡೀ ಆನೆ ಬರ್ದೆ. ನೀನು ಮೂರು ಕಡ್ಡೀಲಿ ಅದರ ಕಿವಿಯಷ್ಟೂ ಮಾಡಿಲ್ಲ."

ಅದು ನಿಜವೇ ಆಗಿತ್ತು, ಅದಕ್ಕೇ ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು. ಕಾಗದ ಮೇಣವನ್ನು ಉಳಿಸಿಕೊಂಡು ಖರ್ಚು ಮಾಡುತ್ತದೆ, ಗೋಡೆ ಅರದ ಹಾಗೆ ಕಡ್ಡಿಯನ್ನೇ ತಿನ್ನುತ್ತದೆ. ಅಡುಗೆಮನೆಯಿಂದ ಕಾಫಿಯ ವಾಸನೆ ಬರುವ ಹೊತ್ತಿಗೆ ಹನ್ನೊಂದೂ ಮುಗಿದವು. ಹತ್ತಡಿ ಅಗಲದ ಗೋಡೆಯಲ್ಲಿ ಆದದ್ದು ಒಂದು ದಿಂಬಿನಷ್ಟು ಜಾಗ. ಅಂಚು ಒಂದು ಕಡೆ ಓರೆ, ಏಕೆಂದರೆ ಆ ಕಡೆ ಕೂತವರು ಅಕ್ಕ.

ಹೆಂಡತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತರು. ಬಿಳಿ ಗೋಡೆ, ನಡುವೆ ಕಂದು ಬಾಗಿಲು, ಅದರ ಮೇಲೆ ಕಿತ್ತಳೆ ಪಟ್ಟೆ, ಧಾರೆಗಳು, ಕೆಳಗೆ ದಿಂಬು, ನೆಲದ ತುಂಬ ಕ್ರೆಯಾನ್ ಸಿಪ್ಪೆ.

"ಇದರಲ್ಲಿ ಯಾವುದ್ರೀ ನಿಮ್ಮ ಬಣ್ಣ?"

ಮೇಷ್ಟ್ರು ದಿಂಬು ತೋರಿಸಿದರು. ಆಕೆ ಹತ್ತಿರ ಬಂದು, ಬಗ್ಗಿ, ಸಾಕಷ್ಟು ಹೊತ್ತು ನೋಡಿದರು.

"ಚೆನ್ನಾಗಿದೆ," ಎಂದರು. ಅದನ್ನು ಅವರು ಸುಮ್ಮನೆ ಹೇಳಲಿಲ್ಲ, ಮೇಷ್ಟ್ರಿಗೆ ಅದು ಗೊತ್ತಾಯಿತು. "ಇಷ್ಟೇನಾ?"

"ಇಷ್ಟೇ."

"ಮಿಕ್ಕಿದ್ದು?" ಎಂದು ಪೇಂಟರ್ ಕೇಳಿದ.

ಮೇಷ್ಟ್ರು ಕಾಫಿ ಲೋಟ ತೆಗೆದುಕೊಂಡರು. "ಅವರು ಹೇಳಿದ್ದು ಹೊಡಿ."

ಹೀಗೆ ಆ ಗೋಡೆಯೂ ಕ್ರೀಮ್ ಆಯಿತು, ದಿಂಬೊಂದನ್ನು ಬಿಟ್ಟು. ಸಂಜೆ ಬಿಸಿಲು ಕಿಟಕಿಯಿಂದ ಬಂದು ಅದರ ಮೇಲೆ ಬೀಳುವ ಹತ್ತು ನಿಮಿಷ ಮೇಷ್ಟ್ರು ಯಾರ ಜೊತೆಯೂ ಮಾತಾಡುವುದಿಲ್ಲ. ಉಳಿದ ಹೊತ್ತೆಲ್ಲ ಅವರಿಗೆ ಅದನ್ನು ಸಮರ್ಥಿಸಿಕೊಳ್ಳುವುದೇ ಕೆಲಸ. ಬಂದವರಲ್ಲಿ ಒಬ್ಬರು ಪೈಪ್ ಸೋರುತ್ತಿದೆಯಾ ಎಂದರು. ಮತ್ತೊಬ್ಬರು ಸೋಫಾಗೆ ತಲೆ ಒರಗಿಸಿ ಎಣ್ಣೆ ಹತ್ತಿರಬೇಕು ಎಂದರು. ಮೇಷ್ಟ್ರು ಎಲ್ಲರಿಗೂ ಕಾಗದ, ಮೇಣ, ಆನೆ ಎಂದು ಮೊದಲಿನಿಂದ ವಿವರಿಸುತ್ತಾರೆ.

ಮೊನ್ನೆ ಬಂದ ಕೆಳಗಿನ ಮನೆಯ ಯಜಮಾನರು ಮಾತ್ರ ಪೂರ್ತಿ ಕೇಳಿಸಿಕೊಂಡರು. ತಲೆದೂಗಿದರು. ಬೆರಳಲ್ಲಿ ಮೆಲ್ಲಗೆ ಮುಟ್ಟಿ ನೋಡಿ, ಮೇಷ್ಟ್ರ ಹೆಗಲ ಮೇಲೆ ಕೈಯಿಟ್ಟು ಮರುಕದಿಂದ ಹೇಳಿದರು:

"ನೀವೇ ಹೀಗೆ ಮಾಡಿಕೊಂಡ್ರೆ ಹೇಗೆ ಮೇಷ್ಟ್ರೇ? ಇಲ್ಲೊಂದಿಷ್ಟು ವೈಟ್ ಪ್ರೈಮರ್ ಹೊಡೆದಿದ್ರೆ ಸರಿಹೋಗ್ತಿತ್ತಲ್ಲ."