ಫಾರ್ಮ್ಯಾಟ್ ಆಗದ ಡಿಸ್ಕ್ ಮತ್ತು ಹದಿನಾಲ್ಕು ಊರಿನ ಹೊಲಗಳು

ನಾನು ನಿಂತಿದ್ದು ಸತ್ತಿಯ ಒಂದು ಮನೆಯ ಪಡಸಾಲೆಯಲ್ಲಿ, ಮೇಜಿನ ಎಡಬದಿಗೆ, ಹೊಳೆಯ ಕಡೆ ತೆರೆಯುವ ಕಿಟಕಿಗೆ ಬೆನ್ನು ಮಾಡಿ. 1997ರ ಫೆಬ್ರುವರಿಯ ಒಂದು ಸೋಮವಾರ. ನನ್ನ ಕೈಗಡಿಯಾರದಲ್ಲಿ ಹನ್ನೊಂದು ಗಂಟೆ ನಾಲ್ಕು ನಿಮಿಷವಾಗಿತ್ತು. ಪರದೆಯ ಮೇಲೆ ಮೂವತ್ತೇಳು ಎಂಬ ಅಂಕಿ ಇತ್ತು. ಅದು ಮೂವತ್ತೆಂಟಾಗಲಿಲ್ಲ. ಹೊಸ ಹಾರ್ಡ್ ಡಿಸ್ಕ್ ಒಮ್ಮೆ ಉಸಿರೆಳೆದಂತೆ ಸದ್ದು ಮಾಡಿ ಸುಮ್ಮನಾಯಿತು. ಆಮೇಲೆ ಈ ಸಂಗತಿಯನ್ನು ಹಲವರು ಹಲವು ರೀತಿ ಹೇಳಿದ್ದಾರೆ. ನಾನು ಕಂಡದ್ದನ್ನಷ್ಟೇ ಬರೆಯುತ್ತೇನೆ.

ಆಗ ಅಥಣಿಯಲ್ಲಿ ನನ್ನದು ಟಿವಿ, ರೇಡಿಯೊ ರಿಪೇರಿಯ ಅಂಗಡಿ. ಎರಡು ವರ್ಷದಿಂದ ಕಂಪ್ಯೂಟರ್ ಬಿಚ್ಚುವುದನ್ನೂ ಕಲಿತಿದ್ದೆ. ಸತ್ತಿಯ ಆ ಮನೆ ಒಬ್ಬ ನಿವೃತ್ತ ಪ್ರಾಥಮಿಕ ಶಾಲೆಯ ಮಾಸ್ತರರದು. ಊರಿಗೆಲ್ಲ ಅವರು ಗುರುಗಳು. ಸುತ್ತಲಿನ ಹದಿನಾಲ್ಕು ಊರುಗಳಲ್ಲಿ ಸೈಕಲ್ ಮೇಲೆ ತಿರುಗಿ ಒಂದೊಂದು ಹೊಲದ ಹೆಸರನ್ನೂ ಕೇಳಿ ಬರೆದುಕೊಂಡಿದ್ದರು. ಸರ್ವೆ ನಂಬರಲ್ಲ, ಜನ ಕರೆಯುವ ಹೆಸರು: ಎಮ್ಮಿ ಹುಗಿದ ಪಟ್ಟಿ, ಅತ್ತಿಗಿಡದ ದಂಡಿ, ದೇವರ ಮಳಾ, ಮಾತಾಡದ ಅಣ್ಣತಮ್ಮರ ಹೊಲ. ಹದಿನಾಲ್ಕು ಊರಿನ ನಕ್ಷೆಯನ್ನೂ ಕೈಯಿಂದಲೇ ಬರೆದಿದ್ದರು. ಚಿಕ್ಕೋಡಿಯ ಒಂದು ಪ್ರೆಸ್ಸಿನವರು ಮಾರಿದ ಹಳೆಯ ಕಂಪ್ಯೂಟರ್ ತಂದು, ನಕ್ಷೆಗಳನ್ನು ಮೀರಜದಲ್ಲಿ ಸ್ಕ್ಯಾನ್ ಮಾಡಿಸಿ ಅದರ ಡಿಸ್ಕಿಗೆ ಹಾಕಿಸಿದ್ದರು. ಹೆಸರುಗಳನ್ನು ನಕ್ಷೆಯ ಮೇಲೆ ಒಂದೊಂದಾಗಿ ಕೂಡಿಸಿದವರು ಅವರ ಸೊಸೆ. ನಿಪ್ಪಾಣಿಯಲ್ಲಿ ಮರಾಠಿ ಶಾಲೆ ಕಲಿತು ಬಂದ ಹೆಣ್ಣುಮಗಳು. ಕನ್ನಡ ಟೈಪಿಂಗ್ ಕಲಿತದ್ದು ಮದುವೆಯಾದ ಮೇಲೆ, ಈ ಮೇಜಿನ ಮುಂದೆ. ಮೂರು ವರ್ಷದ ಕೆಲಸ.

ಮೊದಲ ದಿನ ನಾನು ಕೇಳಿದ ಪ್ರಶ್ನೆ, ಕಾಗದದ ಮೇಲಿನ ಮೂಲ ಎಲ್ಲಿದೆ ಎಂದು. ಗುರುಗಳು ಕಿಟಕಿಯ ಕಡೆ ಕೈ ತೋರಿಸಿದರು. ಒಂದೊಂದು ಊರಿನ ಕೆಲಸ ಮುಗಿದಂತೆ ಆ ಊರಿನ ಚೀಟಿ, ನಕ್ಷೆ ಎಲ್ಲವನ್ನೂ ಕೃಷ್ಣೆಗೆ ಬಿಟ್ಟಿದ್ದರಂತೆ. ಅಕ್ಷರವಿರುವ ಕಾಗದ ಕಾಲಿಗೆ ತಾಗಬಾರದು, ಸುಡಬಾರದು, ರದ್ದಿಗೂ ಹಾಕಬಾರದು ಎಂದು ಜೀವಮಾನವಿಡೀ ಮಕ್ಕಳಿಗೆ ಹೇಳಿದವರು ಅವರು. ಹಾಗಾಗಿ ಹದಿನಾಲ್ಕು ಊರಿನ ಹೊಲಗಳು ಉಳಿದಿದ್ದದ್ದು ಒಂದು ಹಳೆಯ ಡಿಸ್ಕಿನಲ್ಲಿ ಮಾತ್ರ. ಆ ಡಿಸ್ಕ್ ಹದಿನೈದು ದಿನದಿಂದ ಟಿಕ್ ಟಿಕ್ ಎನ್ನುತ್ತಿತ್ತು. ಆ ಸದ್ದಿನ ಅರ್ಥ ನನಗೆ ಗೊತ್ತಿತ್ತು. ಒಂದು ನಕ್ಷೆ ಹತ್ತು ಫ್ಲಾಪಿಗೂ ಹಿಡಿಸುತ್ತಿರಲಿಲ್ಲ. ಆದ್ದರಿಂದ ಹೊಸ ಡಿಸ್ಕ್ ತಂದು, ಅದನ್ನು ಫಾರ್ಮ್ಯಾಟ್ ಮಾಡಿ, ಅಂದರೆ ಬರೆಯಲು ಗೆರೆ ಹಾಕಿ ಸಿದ್ಧಮಾಡಿ, ಎಲ್ಲವನ್ನೂ ಅದಕ್ಕೆ ನಕಲು ಮಾಡಬೇಕು. ಹೊಸ ಡಿಸ್ಕನ್ನು ಮೀರಜದಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ತಂದಿದ್ದೆ.

ಸೋಮವಾರ ಎರಡನೆಯ ಸಲ ಮಾಡಿದಾಗ ಫಾರ್ಮ್ಯಾಟ್ ಶೇಕಡಾ ಅರವತ್ತೊಂದರವರೆಗೆ ಹೋಗಿ ನಿಂತಿತು. ಮಂಗಳವಾರ ಕೇಬಲ್ ಬದಲಿಸಿದೆ. ಎರಡು ಡಿಸ್ಕಿನಲ್ಲಿ ಯಾವುದು ಯಜಮಾನ, ಯಾವುದು ಆಳು ಎಂದು ಯಂತ್ರಕ್ಕೆ ಹೇಳುವ ಸಣ್ಣ ಜಂಪರನ್ನು ಕಿತ್ತು ಮತ್ತೆ ಕೂಡಿಸಿದೆ. ಆ ದಿನ ಹನ್ನೆರಡಕ್ಕೇ ನಿಂತಿತು. ಇದು ನನಗೆ ವಿಚಿತ್ರವೆನಿಸಿತು. ಡಿಸ್ಕಿನ ತಟ್ಟೆಯಲ್ಲಿ ಕೆಟ್ಟ ಜಾಗವಿದ್ದರೆ ಪ್ರತಿ ಸಲ ಅದೇ ಜಾಗಕ್ಕೆ ನಿಲ್ಲಬೇಕು. ಇದು ಬೇರೆ ಬೇರೆ ಕಡೆ ನಿಲ್ಲುತ್ತಿತ್ತು. ಒಂದು ಹಾಳೆಯ ಮೇಲೆ, ಸೋಮವಾರದ್ದೂ ಸೇರಿಸಿ, ಗಂಟೆ ಮತ್ತು ಶೇಕಡಾ ಬರೆದಿಡತೊಡಗಿದೆ. ಟಿವಿ ರಿಪೇರಿಯಿಂದ ಬಂದ ರೂಢಿ ಅದು.

ಪಕ್ಕದ ಮನೆಯ ರೈತ ಹೊಸ್ತಿಲಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದ. ಗುರುಗಳ ಹಳೆಯ ವಿದ್ಯಾರ್ಥಿ. ಹೊಳೆಯಲ್ಲಿ ಹೊಲಕ್ಕೆ ನೀರೆತ್ತುವ ಅವನವೇ ಎರಡು ಮೋಟರುಗಳಿದ್ದವು. ಮಂಗಳವಾರ ಅವನು, "ಗುರುಗಳ, ಹೊಸಾ ಎತ್ತು ನೊಗಕ್ಕ ಹೆಗಲ ಕೊಡವಲ್ದು ನೋಡ್ರಿ," ಎಂದ. ಗುರುಗಳು ತಲೆಯೆತ್ತದೆ, "ನೀನೂ ಸಾಲ್ಯಾಗ ಮೂರನೇ ಇಯತ್ತೆದಾಗ ಹಿಂಗ ಮಾಡ್ತಿದ್ದಿ ಲೇ," ಎಂದರು.

ಆ ಸಂಜೆ ಹೊಸ ಡಿಸ್ಕನ್ನಷ್ಟೇ ಅಥಣಿಗೆ ಒಯ್ದು ನನ್ನ ಅಂಗಡಿಯ ಕಂಪ್ಯೂಟರಿಗೆ ಹಚ್ಚಿದೆ. ಒಂದೇ ಸಲಕ್ಕೆ ನೂರು ಮುಟ್ಟಿತು. ಬುಧವಾರ ಸತ್ತಿಗೆ ತಂದು ಹಚ್ಚಿದರೆ ಗುರುಗಳ ಯಂತ್ರ ಅದನ್ನು ಗುರುತಿಸಲೇ ಇಲ್ಲ. ಡಿಸ್ಕಿನ ಜಾಗ ಎಣಿಸುವ ಕ್ರಮ ನನ್ನ ಯಂತ್ರದ್ದು ಬೇರೆ, ಆ ಹಳೆಯ ಯಂತ್ರದ್ದು ಬೇರೆ ಎಂದು ಅಂದೇ ತಿಳಿದದ್ದು. ಫಾರ್ಮ್ಯಾಟ್ ಆ ಯಂತ್ರದಲ್ಲೇ ಆಗಬೇಕು. ಇಡೀ ಯಂತ್ರವನ್ನು ಹಳೆಯ ಡಿಸ್ಕಿನ ಸಮೇತ ಅಥಣಿಗೆ ಒಯ್ಯೋಣವೆಂದೆ. ಗುರುಗಳು ಒಪ್ಪಲಿಲ್ಲ. ಆ ರಸ್ತೆಯಲ್ಲಿ ಹಳೆಯ ಡಿಸ್ಕ್ ಬದುಕಲಾರದು ಎಂದರು. ಅವರ ಮಾತು ಸರಿಯಿತ್ತು. ಮತ್ತೆ ಫಾರ್ಮ್ಯಾಟ್ ಹಚ್ಚಿದೆ. ನಲವತ್ತನಾಲ್ಕಕ್ಕೆ ನಿಂತಿತು.

ಸೊಸೆ ಚಹಾದ ಬಟ್ಟಲು ಇಡಲು ಬಂದವರು ನನ್ನ ಹಾಳೆಯನ್ನು ಓದುತ್ತ ನಿಂತರು.

"ಅಣ್ಣಾರ, ಶೇಕಡಾ ನೋಡಬ್ಯಾಡ್ರಿ. ಗಂಟಿ ನೋಡ್ರಿ."

ನೋಡಿದೆ. ಮೂರು ದಿನವೂ ಹನ್ನೊಂದು ನಾಲ್ಕು. ನಾನು ಬರುವ ಬಸ್ಸು ಒಂದೊಂದು ದಿನ ಒಂದೊಂದು ಹೊತ್ತಿಗೆ ಮುಟ್ಟುತ್ತಿತ್ತು, ಅದಕ್ಕೇ ಶೇಕಡಾ ಬೇರೆಯಾಗಿತ್ತು. ಸೋಮವಾರದ ಎರಡನೆಯದು ಮಾತ್ರ ಹನ್ನೆರಡೂ ಹತ್ತಕ್ಕೆ ನಿಂತಿತ್ತು. ಹನ್ನೊಂದರ ಹೊತ್ತಿಗೆ ದಿನಾ ತಮ್ಮ ರೇಡಿಯೊದ ಸದ್ದೂ ಒಮ್ಮೆ ಕುಗ್ಗಿ ಏಳುತ್ತದೆ ಎಂದು ಅವರು ಹೇಳಿದರು. ಹೊಸ್ತಿಲಲ್ಲಿದ್ದ ರೈತ ನಗುವುದನ್ನು ನಿಲ್ಲಿಸಿದ.

ಹೊಳೆಯ ಮೋಟರುಗಳಿಗೆ ಬೇಕಾದ ತ್ರೀ ಫೇಸ್ ಕರೆಂಟು ಆ ವಾರ ಬರುತ್ತಿದ್ದದ್ದು ಹನ್ನೊಂದಕ್ಕೆ, ನನ್ನ ಗಡಿಯಾರದಲ್ಲಿ ಹನ್ನೊಂದು ನಾಲ್ಕಕ್ಕೆ. ಅದಕ್ಕಾಗಿ ಕಾಯುತ್ತ ದಂಡೆಯಲ್ಲಿ ಯಾರೂ ಕೂರುತ್ತಿರಲಿಲ್ಲ. ಎಲ್ಲರೂ ಸ್ಟಾರ್ಟರಿಗೆ ಮೋಟರನ್ನು ತಾನಾಗಿ ಎಬ್ಬಿಸುವ ಆಟೋ ಹಚ್ಚಿದ್ದರು. ಕರೆಂಟು ಬಂದ ಕ್ಷಣ ನಲವತ್ತು ಮೋಟರುಗಳು ಒಟ್ಟಿಗೆ ಏಳುತ್ತಿದ್ದವು, ಊರಿನ ವೋಲ್ಟೇಜು ಅರ್ಧ ಉಸಿರಿನಷ್ಟು ಹೊತ್ತು ಕೆಳಗೆ ಬೀಳುತ್ತಿತ್ತು. ಮೂರು ತಂತಿಯಲ್ಲಿ ಒಂದರ ಕರೆಂಟು ಹೋದರೂ ಮೋಟರುಗಳು ನಿಲ್ಲುತ್ತವೆ, ಬೇರೆ ತಂತಿಯ ಮನೆಗೆ ಗೊತ್ತಾಗುವುದಿಲ್ಲ. ಅದು ಮರಳಿದಾಗ ಮತ್ತೆ ಎಲ್ಲ ಒಟ್ಟಿಗೆ ಏಳುತ್ತವೆ. ಸೋಮವಾರ ಹನ್ನೆರಡರ ನಂತರ ಹಾಗೆ ಆದದ್ದು ರೈತನಿಗೆ ನೆನಪಿತ್ತು. ಮೇಜಿನ ಕೆಳಗಿನ ಸ್ಟೆಬಿಲೈಜರ್ ಪ್ರತಿ ಸಲ ಟಕ್ಕೆಂದದ್ದನ್ನು ನಾನೂ ಕೇಳಿದ್ದೆ. ಟಿವಿಯವನಾದ ನನಗೆ ಅದು ಕಾಪಾಡುತ್ತಿರುವ ಸದ್ದು ಎನಿಸಿತ್ತು. ಟಿವಿ ಆ ಅರ್ಧ ಉಸಿರನ್ನು ತಾಳುತ್ತದೆ. ಈ ಯಂತ್ರ ತಾಳುತ್ತಿರಲಿಲ್ಲ. ಯುಪಿಎಸ್ ತರಿಸಲು ವಾರ ಬೇಕಿತ್ತು. ಹಳೆಯ ಡಿಸ್ಕಿಗೆ ಅಷ್ಟು ದಿನವಿದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

ಗುರುವಾರ ಮೊದಲ ಬಸ್ಸಿಗೆ ಬಂದೆ. ಏಳೂವರೆಗೆ ಹಚ್ಚಿದ ಫಾರ್ಮ್ಯಾಟ್ ಎಂಟೂ ಇಪ್ಪತ್ತೈದಕ್ಕೆ ನೂರು ಮುಟ್ಟಿತು. ನಕಲು ಶುರುಮಾಡುವ ಮುನ್ನ ಯಾವ ಊರು ಮೊದಲು ಎಂದು ಕೇಳಿದೆ. ಗುರುಗಳು ತಡಮಾಡದೆ ಹೇಳಿದರು. ಹೆಸರು ಹೇಳಿದ ಮುದುಕರು ತೀರಿಹೋದ ಊರುಗಳು ಮೊದಲು, ಬದುಕಿರುವವರ ಊರುಗಳು ಆಮೇಲೆ. ಮಂಗಸೂಳಿ ಮುಂದೆ ಬಂತು. ಅನಂತಪುರ ಹದಿಮೂರನೆಯದು, ಸತ್ತಿ ಕಡೆಯದು.

ಒಂದು ತಾಸಿನ ಕೆಲಸ ಎಂದುಕೊಂಡಿದ್ದೆ. ಆದರೆ ಹಳೆಯ ಡಿಸ್ಕ್ ಒಂದೊಂದು ಸಾಲನ್ನೂ ನಾಲ್ಕಾರು ಸಲ ತಡವಿ ಓದುತ್ತಿತ್ತು. ಹತ್ತೂ ನಲವತ್ತಕ್ಕೆ ಹತ್ತು ನಕ್ಷೆ ಆಗಿದ್ದವು. ಹನ್ನೊಂದರೊಳಗೆ ಮುಗಿಯುವುದಿಲ್ಲವೆಂದು ಹೇಳಬೇಕಾಯಿತು. ಈಗ ಬಂದ್ ಮಾಡಿ ಉಳಿದದ್ದನ್ನು ನಾಳೆ ಬೆಳಿಗ್ಗೆ ಮಾಡೋಣ ಎಂದೆ. ಇನ್ನೊಂದು ಮಾತನ್ನೂ ಮುಚ್ಚಿಡಲಾಗಲಿಲ್ಲ. ಇಂಥ ಡಿಸ್ಕ್ ಬಿಸಿಯಾಗಿ ತಿರುಗುತ್ತಿರುವಷ್ಟು ಹೊತ್ತು ತಿರುಗುತ್ತದೆ. ತಣ್ಣಗಾದ ಮೇಲೆ ಕೆಲವು ಮತ್ತೆ ಏಳುವುದೇ ಇಲ್ಲ.

"ನಾಳಿ ಏಳತೈತಿ ಅಂತ ಮಾತು ಕೊಡ್ತಿ ಏನು ತಮ್ಮಾ?" ಎಂದು ಗುರುಗಳು ಕೇಳಿದರು.

"ಇಲ್ರಿ ಗುರುಗಳ."

ಅವರು ಟೋಪಿ ಹಾಕಿಕೊಂಡು ರೈತನ ಮೊಪೆಡ್ಡಿನ ಹಿಂದೆ ಕೂತು ಹೊಳೆಯ ದಂಡೆಯ ಹೊಲಗಳಿಗೆ ಹೋದರು. ಆಟೋ ತೆಗೆದು ಒಂದು ತಾಸು ಮೋಟರು ಬಂದ್ ಇಡಿ ಎಂದು ಕೇಳುವುದಕ್ಕೆ. ಕಬ್ಬು ಒಣಗುತ್ತಿದ್ದ ದಿನಗಳು, ಕರೆಂಟು ಸಿಗುತ್ತಿದ್ದದ್ದೇ ಆರು ತಾಸು. ಅದರಲ್ಲಿ ಒಂದು ತಾಸು ಕೇಳುವುದು ಸಣ್ಣ ಮಾತಲ್ಲ. ಅಲ್ಲಿ ಏನು ನಡೆಯಿತೋ ನಾನು ಕಂಡಿಲ್ಲ. ಗುರುಗಳು ಬೇಡಿಕೊಳ್ಳಲಿಲ್ಲ, ಒಬ್ಬೊಬ್ಬರನ್ನೂ ಅವರವರ ಹೊಲದ ಹೆಸರು ಹಿಡಿದು ಕರೆದು, ಯಂತ್ರದೊಳಗೆ ಸಿಕ್ಕಿಕೊಂಡದ್ದು ಏನೆಂದು ಹೇಳಿದರು ಎಂದು ರೈತ ಆಮೇಲೆ ತಿಳಿಸಿದ.

ಪಡಸಾಲೆಯಲ್ಲಿ ಸೊಸೆ ಮತ್ತು ನಾನು ಇಬ್ಬರೇ. ಹನ್ನೊಂದು ನಾಲ್ಕಕ್ಕೆ ನಾನು ಸ್ಟೆಬಿಲೈಜರಿನ ಮೇಲೆ ವೋಲ್ಟೇಜು ತೋರುವ ಮುಳ್ಳನ್ನು ನೋಡುತ್ತಿದ್ದೆ. ಅದು ಸ್ವಲ್ಪ ನಡುಗಿ ನಿಂತಿತು. ಪರದೆ ನಿಲ್ಲಲಿಲ್ಲ. ಕಿಟಕಿಯಿಂದ ದಿನಾ ಜೇನುಹುಟ್ಟಿನಂತೆ ಕೇಳುತ್ತಿದ್ದ ಮೊರೆತ ಅಂದು ಇರಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ಮೋಟರು ಎದ್ದಿತು. ಮತ್ತೊಂದು. ಎಲ್ಲರೂ ಒಪ್ಪಿರಲಿಲ್ಲ. ನಾನು ಐದರವರೆಗೆ ಎಣಿಸಿದೆ. ಸೊಸೆ ಎಣಿಸಿದ್ದು ಆರು. ಹನ್ನೊಂದೂ ಇಪ್ಪತ್ತೆರಡಕ್ಕೆ ಅನಂತಪುರ ಮುಗಿಯಿತು. ಗುರುಗಳು, ರೈತ ತಿರುಗಿ ಬಂದರು. ಸತ್ತಿ ಶುರುವಾಯಿತು.

ಹನ್ನೊಂದೂ ಮೂವತ್ತೊಂದಕ್ಕೆ ಹಳೆಯ ಡಿಸ್ಕಿನಿಂದ ಬಳಪ ಹಲಗೆಯ ಮೇಲೆ ಕೀರಿದಂಥ ಸದ್ದು ಬಂತು. ಆಮೇಲೆ ಸದ್ದಿಲ್ಲ. ಯಂತ್ರವನ್ನು ಆರಿಸಿ ಹಚ್ಚಿದೆ. ಡಿಸ್ಕಿನ ಮೇಲೆ ಅಂಗೈ ಇಟ್ಟೆ. ಅದು ತಿರುಗುತ್ತಿರಲಿಲ್ಲ. ಸೊಸೆಯವರಿಗೂ ಮುಟ್ಟಿ ನೋಡಲು ಹೇಳಿದೆ. ಅವರೂ ತಲೆಯಾಡಿಸಿದರು.

ಗುರುಗಳು ಹೊಸ ಡಿಸ್ಕಿನಲ್ಲಿ ಹದಿಮೂರೂ ಸರಿಯಾಗಿ ತೆರೆಯುತ್ತವೆಯೇ ಎಂದು ಒಂದೊಂದನ್ನೂ ತೆರೆಸಿ ನೋಡಿದರು. ತೆರೆದವು. ಕೊನೆಗೆ ಸೊಸೆಯ ಕಡೆ ತಿರುಗಿ, "ಹಾಳಿ ಕೊಡ ಬೇ ಯವ್ವಾ," ಎಂದರು.

ಸೊಸೆ ಖಾಲಿ ಹಾಳೆ ತಂದು ಕೈಯಲ್ಲೇ ಹಿಡಿದು ನಿಂತರು. "ಕೊಡ್ತೀನ್ರಿ ಮಾವಾರ. ಖರೆ, ಬರದಾದ ಮ್ಯಾಲ ಹಾಳಿ ಈ ಸಲ ನನ್ನ ಕಡೆ ಇರ್ಲಿ."

ಗುರುಗಳು ಕೈ ಚಾಚಿದರು. ರೈತ ಹೊಸ್ತಿಲು ಬಿಟ್ಟು ಒಳಗೆ ಬಂದು ಕೂತು, ತನ್ನ ಹೊಲದಿಂದಲೇ ಬರೆಯಲು ಹಿಡಿಯಿರಿ ಎಂದ.

ಸತ್ತಿಯ ನಕ್ಷೆ ಎರಡನೆಯ ಸಲ ಸಿದ್ಧವಾಗಲು ಮಳೆಗಾಲದವರೆಗೆ ಹಿಡಿಯಿತು. ಮೊದಲಿನದರಲ್ಲಿ ಎಷ್ಟು ಹೆಸರಿದ್ದವೆಂದು ಯಾರೂ ಎಣಿಸಿಟ್ಟಿರಲಿಲ್ಲ. ಆದ್ದರಿಂದ ಎಷ್ಟು ಹೋದವೆಂದೂ ತಿಳಿಯದು.

ಹನ್ನೊಂದೂ ಮೂವತ್ತೊಂದಕ್ಕೆ ಆ ಡಿಸ್ಕ್ ತಾನಾಗಿ ಸತ್ತಿತೋ, ಹೊಳೆಯಲ್ಲಿ ಇನ್ನೊಂದು ಮೋಟರು ಎದ್ದದ್ದರಿಂದ ಸತ್ತಿತೋ ನಾನು ಹೇಳಲಾರೆ. ಆ ಕ್ಷಣ ನನ್ನ ಕಣ್ಣು ಪರದೆಯ ಮೇಲಿತ್ತು, ಮುಳ್ಳಿನ ಮೇಲಲ್ಲ. ಗುರುಗಳು ಈಗಿಲ್ಲ. ನೋಡಿದವರಲ್ಲಿ ನನ್ನನ್ನು ಬಿಟ್ಟು ಇಬ್ಬರು ಬದುಕಿದ್ದಾರೆ. ಒಬ್ಬರು ಆ ಸೊಸೆ. ಅದೇ ಮನೆಯಲ್ಲಿದ್ದಾರೆ. ಮುಳ್ಳು ಬಿದ್ದದ್ದನ್ನು ಕಂಡೆ ಎನ್ನುತ್ತಾರೆ. ಇನ್ನೊಬ್ಬ ಪಕ್ಕದ ಮನೆಯ ರೈತ. ಮುಳ್ಳು ಅಲುಗಲಿಲ್ಲ, ತನ್ನ ಎರಡೂ ಮೋಟರುಗಳ ಆಟೋ ಅಂದು ತೆಗೆದೇ ಇತ್ತು ಎನ್ನುತ್ತಾನೆ.